ಶಿವಮೊಗ್ಗದ ಮನೆಯಲ್ಲಿ ವೈನ್ ಟೇಸ್ಟಿಂಗ್: ಯಾವ ಬಾಟಲಿ ಪಕ್ಕ ಯಾವ ಬಾಟಲಿ?

ಸ್ನೇಹಿತರನ್ನು ಮನೆಗೆ ಕರೆದು ವೈನ್ ರುಚಿ ನೋಡೋಣ ಅಂತ ಹೊರಟವರು ಮೊದಲು ಕೇಳುವ ಪ್ರಶ್ನೆ, "ಯಾವ ವೈನ್ ತರೋದು?" ಅದನ್ನು ಸ್ವಲ್ಪ ಆಮೇಲೆ ಕೇಳಿ. ಮೊದಲು ತೀರ್ಮಾನ ಆಗಬೇಕಾದ್ದು ಯಾವ ಬಾಟಲಿಯ ಪಕ್ಕ ಯಾವುದನ್ನು ಇಡಬೇಕು ಅನ್ನುವುದು. ಕೈಗೆ ಸಿಕ್ಕ ಆರು ಬಾಟಲಿ ಸಾಲಾಗಿ ಇಟ್ಟರೆ ಮೂರನೆಯದಕ್ಕೆ ಬರುವಷ್ಟರಲ್ಲಿ ಎಲ್ಲ ಒಂದೇ ಥರ ಅನ್ನಿಸುತ್ತದೆ, ಮಾತು ಅಡಿಕೆ ರೇಟಿನ ಕಡೆ ಹೊರಳುತ್ತದೆ. ಅದೇ ಎರಡು ಬಾಟಲಿ ಇಟ್ಟು, ಎರಡರ ನಡುವೆ ಒಂದೇ ಒಂದು ವ್ಯತ್ಯಾಸ ಇರುವ ಹಾಗೆ ನೋಡಿಕೊಂಡರೆ, ಯಾವತ್ತೂ ವೈನ್ ಮುಟ್ಟದವರಿಗೂ ಅದು ನಾಲಿಗೆಗೆ ಸಿಗುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ಜಾಗದ ವಿಷಯ ಬೇಗ ಮುಗಿಸಿಬಿಡೋಣ. ಹಿರಿಯರು ಇರುವ ಮನೆ, ದೇವರ ಕೋಣೆಯ ಎದುರೇ ಹಾಲ್ ಇರುವ ಮನೆ ಆದರೆ ಬೇಡ. ಯಾರಿಗೂ ಗಂಟಲಲ್ಲಿ ಇಳಿಯುವುದಿಲ್ಲ. ತೋಟದ ಮನೆ ಇದ್ದವರು ಪುಣ್ಯವಂತರು, ಆದರೆ ಅಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಗೊತ್ತಿಲ್ಲ, ಫ್ರಿಜ್ ನಂಬಿಕೊಳ್ಳಬೇಡಿ. ಪೇಟೆಯಲ್ಲಿ ಬಾಡಿಗೆಗೆ ಇರುವ ಸ್ನೇಹಿತರ ತಾರಸಿ ಬೇಸಿಗೆಗೆ ಒಳ್ಳೆಯದು. ಮಳೆಗಾಲಕ್ಕೆ ಒಳಗೇ ಕೂರಬೇಕು. ಎಲ್ಲಿಯೇ ಮಾಡಿ, ಸೊಳ್ಳೆ ಬತ್ತಿ, ಊದುಬತ್ತಿ, ಮಲ್ಲಿಗೆ ಹೂವು, ಸೆಂಟು ಇವು ನಾಲ್ಕೂ ಆ ಎರಡು ಗಂಟೆ ದೂರ ಇರಲಿ. ವೈನಿನ ರುಚಿಯಲ್ಲಿ ಬಹುಪಾಲು ಮೂಗಿನ ಕೆಲಸ.

ಬಾಟಲಿ ಜೋಡಿಸುವ ದಾರಿಗಳು

ಎಲ್ಲರೂ ಒಂದೊಂದು ಬಾಟಲಿ ತರುವುದು ಸುಲಭದ ದಾರಿ. ಖರ್ಚು ಹಂಚಿಹೋಗುತ್ತದೆ. ಆದರೆ ಮೂವರು ಒಂದೇ ಸಿಹಿ ವೈನ್ ತರುತ್ತಾರೆ, ಒಬ್ಬ "ನಂಗೆ ಇದೆಲ್ಲ ಆಗಲ್ಲ ಮಾರಾಯ" ಅಂತ ವಿಸ್ಕಿ ಹಿಡಿದು ಬರುತ್ತಾನೆ. ಈ ದಾರಿ ಹಿಡಿಯುವುದಾದರೆ ಒಂದು ಷರತ್ತು ಹಾಕಿ: ಎಲ್ಲರೂ ಶಿರಾಜ್ ದ್ರಾಕ್ಷಿಯ ಕೆಂಪು ವೈನ್ ತನ್ನಿ, ಕಂಪನಿ ಬೇರೆ ಬೇರೆ ಇರಲಿ. ಷರತ್ತು ಇಲ್ಲದಿದ್ದರೆ ಅದು ಟೇಸ್ಟಿಂಗ್ ಅಲ್ಲ, ಸುಮ್ನೆ ಪಾರ್ಟಿ. ಅದೂ ತಪ್ಪಲ್ಲ ಬಿಡಿ.

ಎರಡನೆಯದು, ಒಂದೇ ಕಂಪನಿಯ ಬೇರೆ ಬೇರೆ ದ್ರಾಕ್ಷಿ. ಬಂದವರೆಲ್ಲ ಹೊಸಬರಾದರೆ ಇದೇ ಸರಿ. ಸುಲಾದಲ್ಲೋ ಗ್ರೋವರ್ ಜಂಪಾದಲ್ಲೋ ಗುಳ್ಳೆ ಬರುವ ಬ್ರೂಟ್, ಹುಳಿ ಮುಂದಿರುವ ಸಾವಿನ್ಯೋನ್ ಬ್ಲಾಂ, ಸ್ವಲ್ಪ ಸಿಹಿ ಉಳಿಸಿಕೊಂಡ ಶೆನಿನ್ ಬ್ಲಾಂ, ಕೆಂಪು ಶಿರಾಜ್, ಹೀಗೆ ಒಂದು ಸರಣಿ ಆರಾಮಾಗಿ ಸಿಗುತ್ತದೆ. ಬಿಳಿ, ಕೆಂಪು ಅಂದರೆ ನಿಜಕ್ಕೂ ಏನು ವ್ಯತ್ಯಾಸ ಅಂತ ತಿಳಿಯಲು ನಾಲ್ಕು ಬಾಟಲಿ ಸಾಕು. ಕೆಂಪಿನಲ್ಲಿ ದ್ರಾಕ್ಷಿಯ ಸಿಪ್ಪೆಯನ್ನೂ ರಸದ ಜೊತೆ ಹುದುಗಲು ಬಿಡುತ್ತಾರೆ. ಬಣ್ಣ ಅಲ್ಲಿಂದ ಬರುತ್ತದೆ, ಒಗರೂ ಅಲ್ಲಿಂದಲೇ. ಹಸಿ ಅಡಿಕೆ ಬೇಯಿಸಿ ಉಳಿದ ಚೊಗರು ನೋಡಿದವರಿಗೆ ಟ್ಯಾನಿನ್ ಅಂದರೆ ಏನು ಅಂತ ಬೇರೆ ಪಾಠ ಬೇಡ, ಎರಡರಲ್ಲೂ ಇರುವುದು ಅದೇ ಜಾತಿಯ ಒಗರು. ಒಸಡು ಹಿಡಿದುಕೊಂಡ ಹಾಗೆ ಆಗುತ್ತದಲ್ಲ, ಅದೇ.

ನನಗೆ ಹೆಚ್ಚು ಇಷ್ಟ ಮೂರನೆಯ ದಾರಿ: ಒಂದೇ ದ್ರಾಕ್ಷಿ, ಬೇರೆ ಬೇರೆ ಊರು. ಕ್ಯಾಬರ್ನೆ ಸಾವಿನ್ಯೋನ್ ಅನ್ನುವ ಕೆಂಪು ವೈನಿನ ದ್ರಾಕ್ಷಿ ತಗೊಳ್ಳಿ. ನಂದಿ ಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಕುಟುಂಬ 1988ರಲ್ಲಿ ಶುರು ಮಾಡಿದ ತೋಟ ಇದೆ. ಅದು ನಾಸಿಕ್ ಕಡೆಯ ಕಂಪನಿಯ ಜೊತೆ 2012ರಲ್ಲಿ ಒಂದಾದ ಮೇಲೆ ಬಾಟಲಿಯ ಮೇಲೆ ಗ್ರೋವರ್ ಜಂಪಾ ಅಂತ ಬರುತ್ತಿದೆ. ಹಂಪಿಯ ಹತ್ತಿರದ ಬೆಟ್ಟದ ಕೃಷ್ಮಾ ಕೂಡ ಕ್ಯಾಬರ್ನೆ ಮಾಡುತ್ತದೆ. ನಾಸಿಕ್‌ನಿಂದ ಒಂದು, ಆಗುವುದಾದರೆ ಆಸ್ಟ್ರೇಲಿಯಾದ್ದೋ ಚಿಲಿಯದ್ದೋ ಒಂದು. ದ್ರಾಕ್ಷಿ ಒಂದೇ, ಮಣ್ಣು, ಬಿಸಿಲು, ಮಾಡುವ ಕೈ ಬೇರೆ. ಇಟಲಿ ಮೂಲದ ಸಾಂಜಿಯೊವೇಸೆ ಅನ್ನುವ ಕೆಂಪು ವೈನಿನ ದ್ರಾಕ್ಷಿಯಲ್ಲೂ ಈ ಆಟ ಆಡಬಹುದು, ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನ ಫ್ರಾಟೆಲ್ಲಿ ಒಂದು ಕಡೆ, ಹಂಪಿಯ ಕೃಷ್ಮಾ ಇನ್ನೊಂದು ಕಡೆ. ಕೃಷ್ಮಾ ಥರದ್ದು ಇಲ್ಲಿ ಕಾಣದಿದ್ದರೆ ಬೆಂಗಳೂರಿಂದ ವಾರಾಂತ್ಯಕ್ಕೆ ಬರುವವರಿಗೆ ಹೇಳಿಡಿ.

ಮಲೆನಾಡಿನ ದ್ರಾಕ್ಷಿ ಯಾಕಿಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮ ಮಳೆಗೆ, ತೇವಕ್ಕೆ ದ್ರಾಕ್ಷಿ ಬಳ್ಳಿ ಬೂಷ್ಟು ಹಿಡಿದು ಹೋಗುತ್ತದೆ. ಒಣ ಹವೆಯ ಕಡೆಯೇ ವೈನ್ ದ್ರಾಕ್ಷಿ ಬೆಳೆದು, ಚಳಿ ಮುಗಿದು ಬಿಸಿಲೇರುವ ಹೊತ್ತಿಗೆ ಕೊಯ್ಯುತ್ತಾರೆ. ಆದರೂ ನಮಗೂ ವೈನಿನ ಊರಿಗೂ ಒಂದು ನಂಟು ಇದೆ. ಕೊಳೆರೋಗಕ್ಕೆ ಅಡಿಕೆ ಗೊನೆಗೆ ಹೊಡೆಯುವ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋದ ದ್ರಾಕ್ಷಿ ತೋಟಗಳಲ್ಲಿ. ಮಿಲ್ಲಾರ್ಡೆ ಅನ್ನುವ ಸಸ್ಯವಿಜ್ಞಾನಿ 1885ರಲ್ಲಿ ಅದರ ವಿವರ ಪ್ರಕಟಿಸಿದರು. ಕ್ಯಾಬರ್ನೆ ಸಾವಿನ್ಯೋನ್ ಹುಟ್ಟಿದ್ದೂ ಅದೇ ಸೀಮೆಯಲ್ಲಿ. ತೀರ್ಥಹಳ್ಳಿ ಕಡೆಯ ತೋಟದವರ ಎದುರು ಕ್ಯಾಬರ್ನೆ ಗ್ಲಾಸಿಗೆ ಹಾಕುವಾಗ ಇದೊಂದು ಮಾತು ತೆಗೆದರೆ ಸಾಕು, ಅಲ್ಲಿಯವರೆಗೆ ಸುಮ್ಮನೆ ಕೂತವರೂ ಮಾತಿಗೆ ಬರುತ್ತಾರೆ.

ನಾಲ್ಕನೆಯದು, ಸಿಹಿ ವೈನ್ ಎದುರಿಗೆ ಡ್ರೈ, ಅಂದರೆ ಸಿಹಿ ಉಳಿಯದ ವೈನ್. ನಮ್ಮ ಕಡೆ ಬಹಳ ಜನಕ್ಕೆ ವೈನ್ ಅಂದರೆ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ಪೋರ್ಟ್ ಥರದ್ದೇ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಆ ಕಪ್ಪು ದ್ರಾಕ್ಷಿಗೆ ಭೌಗೋಳಿಕ ಗುರುತೂ ಸಿಕ್ಕಿದೆ, ಅದರ ಗಾಢ ಪರಿಮಳ ಬಾಟಲಿ ತೆರೆದ ತಕ್ಷಣ ಗೊತ್ತಾಗುತ್ತದೆ. ಅದನ್ನು ಕೀಳಾಗಿ ನೋಡಬೇಡಿ. ಆದರೆ ಕೊನೆಗೆ ಕೊಡಿ. ಸಿಹಿ ಕುಡಿದ ನಾಲಿಗೆಗೆ ಡ್ರೈ ವೈನ್ ಬರೀ ಹುಳಿ, ಕಹಿ ಅನ್ನಿಸುತ್ತದೆ. ಗುಳ್ಳೆಯದು, ಹಗುರ ಬಿಳಿ, ರೋಸೆ ಅನ್ನುವ ಗುಲಾಬಿ ಬಣ್ಣದ್ದು, ಹಗುರ ಕೆಂಪು, ಗಟ್ಟಿ ಕೆಂಪು, ಸಿಹಿ, ಈ ಸಾಲು ತಪ್ಪಿಸಬೇಡಿ.

ಲೇಬಲ್ ತೋರಿಸಬೇಕೋ, ಮುಚ್ಚಬೇಕೋ

ಒಂದೇ ದ್ರಾಕ್ಷಿಯ ಆಟ ಆಡುವುದಾದರೆ ಮುಚ್ಚಿ. ಪೇಪರ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಮೇಲೆ 1, 2, 3, 4 ಬರೆದರೆ ಆಯ್ತು. ಮುಚ್ಚಳ ತೆಗೆದಿಡುವುದು ಮರೆಯಬೇಡಿ, ಮುಚ್ಚಳ ನೋಡಿಯೇ ಕಂಪನಿ ಹೇಳುವ ಚಾಲಾಕಿ ಒಬ್ಬ ಇದ್ದೇ ಇರುತ್ತಾನೆ.

ಮುಚ್ಚಿದರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆಯೇ ಇದೆ. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಸ್ಟೀವನ್ ಸ್ಪರಿಯರ್ ಅನ್ನುವ ಇಂಗ್ಲಿಷ್ ವೈನ್ ವ್ಯಾಪಾರಿ ಫ್ರೆಂಚ್ ಪರಿಣತರಿಗೆ ಲೇಬಲ್ ಮುಚ್ಚಿ ರುಚಿ ನೋಡಿಸಿದರು. ಬಿಳಿಯಲ್ಲೂ ಕೆಂಪಿನಲ್ಲೂ ಮೊದಲ ಸ್ಥಾನ ಕ್ಯಾಲಿಫೋರ್ನಿಯಾದ ವೈನಿಗೆ ಬಂತು. 2001ರಲ್ಲಿ ಪ್ರಕಟವಾದ ಬೋರ್ಡೋದ ಇನ್ನೊಂದು ಪ್ರಯೋಗದಲ್ಲಿ ಬಿಳಿ ವೈನಿಗೆ ರುಚಿಯಿಲ್ಲದ ಕೆಂಪು ಬಣ್ಣ ಹಾಕಿ 54 ವಿದ್ಯಾರ್ಥಿಗಳಿಗೆ ಕೊಟ್ಟರು. ಅವರೆಲ್ಲ ವೈನ್ ಶಾಸ್ತ್ರವನ್ನೇ ಓದುತ್ತಿದ್ದವರು. ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಅದರ ವಾಸನೆ ವರ್ಣಿಸಿದರು. ಕಣ್ಣು ಮೂಗನ್ನು ಅಷ್ಟು ಸುಲಭವಾಗಿ ಯಾಮಾರಿಸುತ್ತದೆ. ಅಂದ ಮೇಲೆ ದುಬಾರಿ ಲೇಬಲ್ ಎದುರಿಗಿದ್ದಾಗ ನಾವೆಲ್ಲ ಯಾವ ಲೆಕ್ಕ?

ಬಂದವರೆಲ್ಲ ಹೊಸಬರಾದರೆ ಮಾತ್ರ ತೆರೆದೇ ಇಡಿ. ಮೊದಲ ಸಲವೇ ಮುಚ್ಚಿಟ್ಟರೆ ಪರೀಕ್ಷೆಗೆ ಕೂತ ಹಾಗಾಗಿ ಬಾಯಿ ಬಿಡುವುದಿಲ್ಲ.

ಜೊತೆಗೆ ಒಂದು ಸಣ್ಣ ತಯಾರಿ ಮಾಡಿ, ಖರ್ಚೇ ಇಲ್ಲ. ಸಣ್ಣ ಬಟ್ಟಲುಗಳಲ್ಲಿ ಆಗಷ್ಟೇ ಜಜ್ಜಿದ ಕಾಳುಮೆಣಸು, ಹೆಚ್ಚಿದ ದೊಣ್ಣೆ ಮೆಣಸಿನಕಾಯಿ, ಪೇರಳೆ ಹಣ್ಣಿನ ಹೋಳು, ಒಂದು ಚಮಚ ಜೇನು ಇಟ್ಟುಕೊಳ್ಳಿ. ಶಿರಾಜ್ ಮೂಸಿ, ಮೆಣಸಿನ ಬಟ್ಟಲು ಮೂಸಿ, ಮತ್ತೆ ಶಿರಾಜ್ ಮೂಸಿ. ಆ ಮೆಣಸಿನ ವಾಸನೆ ಕಲ್ಪನೆಯಲ್ಲ. ರೊಟಂಡೋನ್ ಅನ್ನುವ ಒಂದೇ ವಸ್ತು ಕಾಳುಮೆಣಸಿನಲ್ಲೂ ಇದೆ, ಶಿರಾಜ್‌ನಲ್ಲೂ ಇದೆ, ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಅದನ್ನು ಹೇಳಿದರು. ತಮಾಷೆ ಅಂದರೆ ಸುಮಾರು ಐವರಲ್ಲಿ ಒಬ್ಬರಿಗೆ ಆ ವಾಸನೆ ತಿಳಿಯುವುದೇ ಇಲ್ಲ. ಹಾಗಾಗಿ "ಎಂತದೂ ಬರ್ತಾ ಇಲ್ಲ ಕಣೋ" ಅಂದವರನ್ನು ಆಡಿಕೊಳ್ಳಬೇಡಿ, ಅವರು ನಿಜವನ್ನೇ ಹೇಳುತ್ತಿರಬಹುದು. ದೊಣ್ಣೆ ಮೆಣಸಿನಕಾಯಿ ಕ್ಯಾಬರ್ನೆಗೆ, ಪೇರಳೆ ಸಾವಿನ್ಯೋನ್ ಬ್ಲಾಂಗೆ, ಜೇನು ಶೆನಿನ್‌ಗೆ. ಪುಸ್ತಕದಲ್ಲಿ ಬರುವ ಬ್ಲ್ಯಾಕ್‌ಕರಂಟ್, ಗೂಸ್‌ಬೆರ್ರಿ ನಾವು ತಿಂದೇ ಇಲ್ಲ, ಅವುಗಳ ಹೆಸರು ಹೇಳಿ ಯಾರನ್ನು ಮೆಚ್ಚಿಸುವುದು?

ತಿನ್ನೋದಕ್ಕೆ ಏನು

ಎಡವುವುದು ಇಲ್ಲೇ. ಮಲೆನಾಡಿನವರು ಮನೆಗೆ ಕರೆದರೆ ಬರೀ ಚೀಸು, ಬಿಸ್ಕತ್ತು ಇಟ್ಟು ಕಳಿಸುವುದಿಲ್ಲ. ಹಾಗಂತ ಖಾರದ ಕೋಳಿ ಸಾರನ್ನು ಮೊದಲೇ ತಂದಿಟ್ಟರೆ ವೈನ್ ಅಲ್ಲಿಗೆ ಮುಗಿಯಿತು. ಮದ್ಯಾಂಶ ಖಾರದ ಉರಿಯನ್ನು ಹೆಚ್ಚಿಸುತ್ತದೆ, ಕೆಂಪು ವೈನಿನ ಒಗರು ಅದರ ಮೇಲೆ ಕೂತು ಬಾಯಿ ಇನ್ನಷ್ಟು ಒರಟಾಗುತ್ತದೆ. ಆದ್ದರಿಂದ ಎರಡು ಭಾಗ ಮಾಡಿಕೊಳ್ಳಿ. ರುಚಿ ನೋಡುವಾಗ ಸಪ್ಪೆ ತಿಂಡಿ, ಮುಗಿದ ಮೇಲೆ ಊಟ.

ಸಪ್ಪೆಗೆ ನಮ್ಮಲ್ಲಿ ಏನು ಕಡಿಮೆ? ಬ್ರೆಡ್ಡಿನ ಬದಲು ಅಕ್ಕಿ ರೊಟ್ಟಿ ಇಡಿ. ಈರುಳ್ಳಿ, ಮೆಣಸಿನಕಾಯಿ ಹಾಕದೆ ತೆಳ್ಳಗೆ ತಟ್ಟಿದ ಬಿಳಿ ರೊಟ್ಟಿ ಇರಲಿ. ಖಾಲಿ ಕಡುಬೂ ಆಗುತ್ತದೆ. ಒಂದು ವೈನಿನಿಂದ ಇನ್ನೊಂದಕ್ಕೆ ಹೋಗುವಾಗ ಬಾಯಿ ಶುಚಿ ಮಾಡಲು ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಗುಳ್ಳೆ ವೈನಿಗೆ ಹಲಸಿನ ಹಪ್ಪಳ. ಇದನ್ನು ಒಮ್ಮೆ ಮಾಡಿ ನೋಡಲೇಬೇಕು. ಎಣ್ಣೆಯಲ್ಲಿ ಕರಿದ, ಉಪ್ಪು ಮುಂದಿರುವ ತಿಂಡಿಗೆ ಬ್ರೂಟ್‌ನ ಹುಳಿಯೂ ಗುಳ್ಳೆಯೂ ಹೇಳಿಮಾಡಿಸಿದ್ದು. ಎಣ್ಣೆಯ ಜಿಡ್ಡನ್ನು ಅದು ತೊಳೆದುಕೊಂಡು ಹೋಗುತ್ತದೆ, ಮತ್ತೊಂದು ತುಂಡು ಬಾಯಿಗೆ ಬೇಕು ಅನ್ನಿಸುತ್ತದೆ. ಖಾರ ಹಾಕದ ಹಪ್ಪಳ ಆರಿಸಿಕೊಳ್ಳಿ. ಬಾಳೆಕಾಯಿ ಚಿಪ್ಸ್ ಕೂಡ ನಡೆಯುತ್ತದೆ, ಆದರೆ ಹಲಸಿನ ಹಪ್ಪಳದ ಆ ಸಣ್ಣ ಕಹಿ ಅದರಲ್ಲಿ ಇಲ್ಲ.

ಪತ್ರೊಡೆಗೆ ಹುಣಸೆ, ಬೆಲ್ಲ, ಮೆಣಸಿನಕಾಯಿ ಮೂರೂ ಬೀಳುತ್ತವೆ. ಅದಕ್ಕೆ ಸ್ವಲ್ಪ ಸಿಹಿ ಇರುವ ಶೆನಿನ್ ಬ್ಲಾಂ. ಪೂರ್ತಿ ಡ್ರೈ ವೈನ್ ಆ ಬೆಲ್ಲದ ಎದುರು ಸೊರಗುತ್ತದೆ. ಕಳಲೆ ಪಲ್ಯಕ್ಕೆ ಸಾವಿನ್ಯೋನ್ ಬ್ಲಾಂ ಹೊಂದುತ್ತದೆ, ಒಗ್ಗರಣೆಯಲ್ಲಿ ಮೆಣಸಿನಕಾಯಿ ಕಡಿಮೆ ಇದ್ದರೆ. ಮಳೆ ಶುರುವಾದ ಮೇಲೆ ಅಣಬೆ ಸಿಕ್ಕರೆ ಬೆಣ್ಣೆಯಲ್ಲಿ ಹುರಿದು ಸಾಂಜಿಯೊವೇಸೆ ಜೊತೆ ಕೊಡಿ. ಗಟ್ಟಿ ಕ್ಯಾಬರ್ನೆ ಬೇಡ, ಅಣಬೆಯ ರುಚಿ ವೈನಿನ ಕಹಿಯನ್ನು ಎತ್ತಿ ತೋರಿಸುತ್ತದೆ.

ಮೀನಿಗೆ ಕೆಂಪು ವೈನ್ ಬೇಡ ಅನ್ನುವುದು ಬರೀ ಶಿಷ್ಟಾಚಾರದ ಮಾತಲ್ಲ. ಕೆಂಪು ವೈನಿನಲ್ಲಿ ಸಾಮಾನ್ಯವಾಗಿ ಹೆಚ್ಚಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯ ಜೊತೆ ಸೇರಿದಾಗ ಹಸಿ ವಾಸನೆ ಬಾಯಲ್ಲಿ ಉಳಿಯುತ್ತದೆ. ಬಂಗುಡೆ ಫ್ರೈ ಇದ್ದರೆ ಬಿಳಿಯನ್ನೇ ಹಿಡಿಯಿರಿ. ಹಂದಿ ಮಾಂಸಕ್ಕೆ ಕಾಳುಮೆಣಸು ಹಾಕಿ ಒಣಗಿಸಿ ಹುರಿಯುವ ಮನೆಗಳಿಗೆ ಶಿರಾಜ್ ಇದೆ, ಕೊಬ್ಬು ಆ ಒಗರನ್ನು ಮೆತ್ತಗೆ ಮಾಡುತ್ತದೆ. ಊಟಕ್ಕೆ ಕೂತಾಗ ಕೋಳಿ ಸಾರು, ಕಡುಬಿನ ಜೊತೆ ವೈನ್ ಬೇಕೇ ಬೇಕು ಅಂದರೆ ತಣ್ಣಗಿನ ರೋಸೆ. ನನ್ನನ್ನು ಕೇಳಿದರೆ ಆ ಹೊತ್ತಿಗೆ ಮಜ್ಜಿಗೆಯೇ ವಾಸಿ.

ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿಯನ್ನು ಊಟದವರೆಗೆ ಅಡುಗೆಮನೆಯಲ್ಲೇ ಬಿಡಿ. ಅದರ ಉಪ್ಪು, ಹುಳಿ, ಸೊನೆಯ ಪರಿಮಳದ ಮುಂದೆ ಯಾವ ವೈನೂ ನಿಲ್ಲುವುದಿಲ್ಲ. ನಿಲ್ಲಬೇಕಾಗಿಯೂ ಇಲ್ಲ.

ಸಿಹಿಗೆ ತೊಡೆದೇವು ಮತ್ತು ಲೇಟ್ ಹಾರ್ವೆಸ್ಟ್ ಶೆನಿನ್, ಅಂದರೆ ದ್ರಾಕ್ಷಿಯನ್ನು ತಡವಾಗಿ ಕೊಯ್ದು ಮಾಡಿದ ಸಿಹಿ ವೈನ್. ತಿಂಡಿಗಿಂತ ವೈನ್ ಸಿಹಿಯಾಗಿರಬೇಕು, ಇಲ್ಲದಿದ್ದರೆ ವೈನ್ ಹುಳಿ ಹೊಡೆಯುತ್ತದೆ. ತೊಡೆದೇವು ಕಾಗದದಷ್ಟು ತೆಳು ಇರುವುದರಿಂದ ಸಿಹಿ ಮಿತಿಯಲ್ಲೇ ಇರುತ್ತದೆ. ಮೈಸೂರು ಪಾಕಿನ ಎದುರು ಈ ವೈನ್ ಕೂಡ ಸೋಲುತ್ತದೆ.

ಕೊಳ್ಳುವುದು, ತಣ್ಣಗಿಡುವುದು

ನಮ್ಮೂರಲ್ಲಿ 'ವೈನ್ಸ್' ಅಂತ ಬೋರ್ಡ್ ಇರುವ ಅಂಗಡಿಯಲ್ಲಿ ಇರುವುದು ಮುಕ್ಕಾಲು ಪಾಲು ವಿಸ್ಕಿ, ಬ್ರಾಂದಿ, ಬಿಯರು. ವೈನ್ ಇದ್ದರೆ ಮೇಲಿನ ಶೆಲ್ಫಿನಲ್ಲಿ, ಲೈಟಿನ ಕೆಳಗೆ, ಧೂಳು ಹಿಡಿದು ನಿಂತಿರುತ್ತದೆ. ಶಾಖಕ್ಕೂ ಬೆಳಕಿಗೂ ವೈನ್ ಕೆಡುತ್ತದೆ. ಸರಕು ಬೇಗ ಓಡುವ ಅಂಗಡಿ ಹುಡುಕಿ, ಲೇಬಲ್ ಮೇಲಿನ ವರ್ಷ ನೋಡಿ. ದುಬಾರಿಯಲ್ಲದ ಬಿಳಿ ವೈನ್ ಆದರೆ ಹೊಸದೇ ಒಳ್ಳೆಯದು, "ಹಳೇದಾದಷ್ಟೂ ರುಚಿ" ಅನ್ನುವ ಮಾತು ಅದಕ್ಕೆ ನಡೆಯುವುದಿಲ್ಲ. ಬೇಸಿಗೆಯಲ್ಲಿ ಬೆಂಗಳೂರಿಂದ ತರಿಸುವುದಾದರೆ ಕಾರಿನ ಡಿಕ್ಕಿಯಲ್ಲಿ ಬೇಡ, ಒಳಗೆ ಸೀಟಿನ ಕೆಳಗೆ ಇಡಿಸಿ. ಗಣಪತಿ ಮೆರವಣಿಗೆ, ಚುನಾವಣೆ, ಗಾಂಧಿ ಜಯಂತಿ ಹತ್ತಿರ ಇದ್ದರೆ ಎರಡು ದಿನ ಮುಂಚೆಯೇ ತಂದಿಟ್ಟುಕೊಳ್ಳಿ.

ಕಾರ್ಕಿಗಿಂತ ತಿರುಗಿಸುವ ಮುಚ್ಚಳವೇ ನನಗೆ ಇಷ್ಟ. ಬಿರಡೆ ತೆಗೆಯುವ ಸ್ಕ್ರೂ ಎಷ್ಟು ಮನೆಯಲ್ಲಿರುತ್ತದೆ ಹೇಳಿ? ಕಾರ್ಕ್ ಕೆಟ್ಟರೆ ವೈನಿಗೆ ನೆನೆದ ರಟ್ಟಿನ ವಾಸನೆ ಬರುತ್ತದೆ. ಆಷಾಢದಲ್ಲಿ ಮನೆಯೇ ಬೂಷ್ಟಿನ ವಾಸನೆ ಹೊಡೆಯುವಾಗ ಅದು ಬಾಟಲಿಯದೋ ಗೋಡೆಯದೋ ಅಂತ ಹೇಳುವುದು ಕಷ್ಟ.

ಕೆಂಪು ವೈನನ್ನು ರೂಮಿನ ಬಿಸಿಯಲ್ಲೇ ಕೊಡಬೇಕು ಅನ್ನುವುದು ಯುರೋಪಿನ ತಣ್ಣನೆ ಮನೆಗಳ ಮಾತು. ಏಪ್ರಿಲ್‌ನಲ್ಲಿ 35 ಡಿಗ್ರಿ ದಾಟುವ ಶಿವಮೊಗ್ಗಕ್ಕೆ ಅಲ್ಲ. ಕೆಂಪು 15ರಿಂದ 18 ಡಿಗ್ರಿ ಇರಲಿ, ಅಂದರೆ ಒಂದು ಗಂಟೆಯಾದರೂ ಫ್ರಿಜ್ಜಿನಲ್ಲಿ. ಬೇಸಿಗೆಯಾದರೆ ಇನ್ನೂ ಸ್ವಲ್ಪ ಹೊತ್ತು. ಬಿಳಿ 8ರಿಂದ 12 ಡಿಗ್ರಿ, ಫ್ರಿಜ್ಜಿಂದ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ. ಗುಳ್ಳೆಯದು 6ರಿಂದ 8. ಕರೆಂಟ್ ಹೋದರೆ ಬಕೆಟ್ಟಿಗೆ ನೀರು, ಐಸ್, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಮುಳುಗಿಸಿ, ಬರೀ ಐಸಿಗಿಂತ ಇದು ಬೇಗ ತಣಿಸುತ್ತದೆ. ಗುಳ್ಳೆ ಬಾಟಲಿ ತೆಗೆಯುವಾಗ ಬಿರಡೆ ಗಟ್ಟಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ, ಬಾಯಿ ಯಾರ ಮುಖದ ಕಡೆಗೂ ಇರದಿರಲಿ.

ಗ್ಲಾಸಿಗೆ ತಲೆ ಕೆಡಿಸಿಕೊಳ್ಳಬೇಡಿ. ಬಾಯಿ ಸ್ವಲ್ಪ ಕಿರಿದಾದ ಗಾಜಿನ ಲೋಟ ತಲೆಗೊಂದು ಇದ್ದರೆ ಸಾಕು. ಸ್ಟೀಲ್ ಲೋಟ ಬೇಡ, ಬಣ್ಣ ಕಾಣುವುದಿಲ್ಲ. ಕಪಾಟಿನಿಂದ ತೆಗೆದದ್ದನ್ನು ಬಿಸಿನೀರಲ್ಲಿ ತೊಳೆಯಿರಿ, ನುಸಿಗುಳಿಗೆ ವಾಸನೆ ಇದ್ದರೆ ಎಲ್ಲ ವೈನೂ ಅದೇ ವಾಸನೆ.

ಮನೆ ವೈನ್

ನೇರಳೆ ಹಣ್ಣಿಂದ, ನೆಲ್ಲಿಕಾಯಿಂದ, ಬಾಳೆಹಣ್ಣಿಂದ ಮಾಡಿದ ಮನೆ ವೈನ್ ಇಡಬಹುದಾ ಅಂತ ಕೇಳುತ್ತಾರೆ. ಅಬಕಾರಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸಲು ಕಾನೂನಿನಲ್ಲಿ ಅವಕಾಶ ಇಲ್ಲ, ಮನೆಯ ಜಾಡಿಯಲ್ಲಿ ಮಾಡಿದರೂ ಅಷ್ಟೇ. ಹಣ್ಣಿನ ವೈನ್ ಹೋಲಿಸಿ ನೋಡುವ ಆಸೆ ಇದ್ದರೆ ಲೈಸೆನ್ಸ್ ಇರುವ ಕಂಪನಿಯದ್ದೇ ತನ್ನಿ. ಅದನ್ನು ದ್ರಾಕ್ಷಿ ವೈನಿನ ಮಧ್ಯೆ ತೂರಿಸದೆ ಬೇರೆ ಸಾಲು ಮಾಡಿ. ಅದರ ಸಿಹಿ ಬೇರೆ ಥರ, ಒಂದನ್ನು ನೋಡಿ ಇನ್ನೊಂದನ್ನು ಅಳೆಯಲು ಆಗುವುದಿಲ್ಲ.

ಎಷ್ಟು ಬೇಕು

ಒಂದು ಬಾಟಲಿ 750 ಎಂಎಲ್. ರುಚಿ ನೋಡಲು ಒಬ್ಬರಿಗೆ 50 ಎಂಎಲ್ ಹಾಕಿದರೆ ಹದಿನೈದು ಜನಕ್ಕೆ ಬರುತ್ತದೆ. ಎಂಟು ಜನ ಸೇರಿದರೆ ನಾಲ್ಕು ಬಾಟಲಿ ಬೇಕಾದಷ್ಟಾಯಿತು, ಇಷ್ಟವಾದದ್ದನ್ನು ಊಟಕ್ಕೆ ಮತ್ತೆ ಹಾಕಿಕೊಳ್ಳಲೂ ಉಳಿಯುತ್ತದೆ. "ಎಂತ ಮಾರಾಯ, ಇಷ್ಟೇನಾ?" ಅಂತ ಒಬ್ಬರಾದರೂ ಕೇಳುತ್ತಾರೆ. ನಾಲ್ಕೂ ಮುಗಿಯಲಿ ಅನ್ನಿ. ಉಗುಳಲು ಒಂದು ಖಾಲಿ ಚೊಂಬು ಇಡಿ, ನಾಚಿಕೆ ಬೇಡ, ರುಚಿ ನೋಡುವುದೇ ಕೆಲಸವಾದವರೆಲ್ಲ ಉಗುಳುತ್ತಾರೆ. ನೀರು ಕಣ್ಣಿಗೆ ಕಾಣುವ ಹಾಗೆ ಇರಲಿ.

ಕುಡಿಯದವರನ್ನು ಬರೀ ಪೆಪ್ಸಿ ಕೊಟ್ಟು ಮೂಲೆಗೆ ಕೂರಿಸಬೇಡಿ. ಮುರುಗಲು ಹಣ್ಣಿನ ಶರಬತ್ತು, ನೇರಳೆ ರಸ, ಬೇರೆ ಬೇರೆ ತೋಟದ ಜೇನು ಬೆರೆಸಿದ ನೀರು ಇವನ್ನೂ ನಂಬರ್ ಹಾಕಿ ಕೊಡಿ. ಮುರುಗಲಿನ ಹುಳಿ, ನೇರಳೆಯ ಒಗರು ಇವೂ ಚರ್ಚೆಗೆ ಬರುವಂಥವೇ. ಬಸುರಿಯರಿಗೂ, ಗುಳಿಗೆ ತಗೊಳ್ಳುವವರಿಗೂ ಒತ್ತಾಯ ಮಾಡಬೇಡಿ. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವ ಹಾಗಿಲ್ಲ, ಮನೆಯಲ್ಲೂ ಅದೇ ಲೆಕ್ಕ ಇಟ್ಟುಕೊಳ್ಳಿ.

ವೈನಿನಲ್ಲಿ ಮದ್ಯಾಂಶ ಸಾಮಾನ್ಯವಾಗಿ ಶೇ. 12ರಿಂದ 14. ಹಗುರ ಅಂತ ಅನ್ನಿಸಿದರೂ ಊಟದ ಹೊತ್ತಿಗೆ ಲೆಕ್ಕ ಕೂಡಿರುತ್ತದೆ. ಸಾಗರ, ಹೊಸನಗರ ಕಡೆ ಹೋಗಬೇಕಾದವರಿಗೆ ಹಾಸಿಗೆ ಹಾಸಿಕೊಡಿ, ಪೇಟೆಯವರಿಗೆ ಆಟೋ ಕರೆಸಿ. ಮಳೆಯ ರಾತ್ರಿ ಘಾಟಿ ರಸ್ತೆಯ ಮಾತು ಬೇಡವೇ ಬೇಡ.

ಬಾಟಲಿಯಲ್ಲಿ ಉಳಿದದ್ದನ್ನು ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿ ನಿಲ್ಲಿಸಿ, ಕೆಂಪನ್ನೂ ಸೇರಿಸಿ. ಬಿಳಿ, ಕೆಂಪು ಮೂರು ದಿನ ಚೆನ್ನಾಗಿರುತ್ತವೆ, ಸಿಹಿಯದು ಇನ್ನೂ ಜಾಸ್ತಿ ದಿನ. ಗುಳ್ಳೆಯದನ್ನು ಮಾತ್ರ ಅವತ್ತೇ ಮುಗಿಸಿ.